ಒಂದು ಚೀಲಕ್ಕೆ ನಾಲ್ವರನ್ನು ಕರೆತಂದವರಿಗೆ

ಹುಡುಗಿ ಮನೆ ಸೇರಿದ್ದಾಳೆ. ಕಾಯಿಲೆ, ಚಿಕಿತ್ಸೆ, ರಕ್ತಕಣಗಳ ಕೌಂಟಿನ ಏರಿಳಿತ ಎಲ್ಲ ನಿಮಗೆ ಗೊತ್ತಿರುವುದೇ, ಮತ್ತೆ ಬರೆಯುವುದಿಲ್ಲ. ರಕ್ತದಾನಿಗಳನ್ನು ಹೊಂದಿಸುವ ನಮ್ಮ ತಂಡದಿಂದ ಈ ನಾಲ್ಕು ಮಾತು ನಿವೃತ್ತ ಸೈನಿಕರಿಗೆ.

ರಕ್ತ ಕೊಟ್ಟವರಿಗೆ, ಸೇವೆ ಮುಗಿದ ಮೇಲೆ ಎರಡು ವರ್ಷಕ್ಕೂ ಮಿಕ್ಕಿ ಕೂದಲು ಬೆಳೆಸಿ ವಿಗ್‌ಗೆಂದು ಕೊಟ್ಟವರಿಗೆ, ಅಂಗಾಂಗ ದಾನದ ಇಚ್ಛೆಯನ್ನು ಕಾರ್ಡಿನಲ್ಲಿ ಬರೆದು ಸುಮ್ಮನಾಗದೆ ಮನೆಯವರಿಗೂ ಬಿಡಿಸಿ ಹೇಳಿಟ್ಟವರಿಗೆ ನಮಸ್ಕಾರ. ಜಡೆಯನ್ನು ಪೂರ್ತಿ ಒಣಗಿಸಿ, ಬಿಗಿಯಾಗಿ ಕಟ್ಟಿ, ಕಟ್ಟಿನ ಮೇಲೆ ಕತ್ತರಿಸಿ ಕಳಿಸಿದ್ದೀರಿ. ಒದ್ದೆ ಕೂದಲಿಗೆ ದಾರಿಯಲ್ಲೇ ಬೂಸ್ಟು ಹಿಡಿಯುತ್ತದೆ, ಅದು ನಿಮಗೆ ನೆನಪಿತ್ತು.

ಆದರೆ ಹುಡುಗಿಗೆ ತುರ್ತಾಗಿ ಪ್ಲೇಟ್‌ಲೆಟ್ (ರಕ್ತಸ್ರಾವ ನಿಲ್ಲಿಸುವ ರಕ್ತಕಣ) ಬೇಕಾದ ಆ ರಾತ್ರಿ ನಮ್ಮ ಜೊತೆ ನಿಂತ ನಿಮ್ಮಲ್ಲೊಬ್ಬರ ಬಗ್ಗೆ ಉದ್ದಕ್ಕೆ ಬರೆಯಲೇಬೇಕು. ಅವರು ಒಂದು ಹನಿ ರಕ್ತವನ್ನೂ ಕೊಡಲಿಲ್ಲ. ಕೊಡುವಂತಿರಲಿಲ್ಲ. ಎರಡೂ ಮೊಣಕೈಯ ಒಳಮಡಿಕೆಯಲ್ಲಿ ಹಳೆಯ ಗಾಯದ ಕಲೆ, ಸೂಜಿಗೆ ರಕ್ತನಾಳ ಸಿಗುವುದಿಲ್ಲ.

ಬೇಕಿದ್ದದ್ದು ಒಬ್ಬರಿಂದಲೇ ಯಂತ್ರದಲ್ಲಿ ತೆಗೆದ ಒಂದು ಚೀಲ ಪ್ಲೇಟ್‌ಲೆಟ್. ಯಂತ್ರ ಅದನ್ನಷ್ಟೇ ಉಳಿಸಿಕೊಂಡು ಮಿಕ್ಕ ರಕ್ತವನ್ನು ದಾನಿಯ ಮೈಗೆ ಮರಳಿಸುತ್ತದೆ. 20ರಿಂದ 24 ಡಿಗ್ರಿಯಲ್ಲಿ ಸದಾ ಅಲುಗಾಡಿಸುತ್ತ ಇಟ್ಟರೂ ಅದರ ಆಯುಸ್ಸು ಸಾಮಾನ್ಯವಾಗಿ ಐದೇ ದಿನ. ಹಾಗಾಗಿ ಬೇಕೆಂದಾಗ ದಾಸ್ತಾನಿನಲ್ಲಿ ಸಿಗುವುದು ಕಷ್ಟ. ಒಬ್ಬ ದಾನಿ ಸಾಕು ಎಂದಿದ್ದೆವು. ಅವರು ಹಳೆಯ ಸಂಗಡಿಗರಲ್ಲಿ ನಾಲ್ವರನ್ನು ಕರೆತಂದು, ಸಂಜೆಯೇ ನಾಲ್ವರ ಸ್ಯಾಂಪಲ್ಲನ್ನೂ ಒಟ್ಟಿಗೆ ಕೊಡಿಸಿದರು. ನಮ್ಮನ್ನು ಉಳಿಸಿದ್ದು ಇದೇ. ಒಬ್ಬರು ತಪ್ಪಿದ ಮೇಲೆ ಇನ್ನೊಬ್ಬರನ್ನು ಹುಡುಕಿದ್ದರೆ ಸೋಂಕಿನ ಪರೀಕ್ಷೆಗಳು ಪ್ರತಿ ಸಲವೂ ಮೊದಲಿಂದ ಶುರುವಾಗಿ, ಬೆಳಗಾಗಿಬಿಡುತ್ತಿತ್ತು.

ಮೊದಲನೆಯವರ ಪ್ಲೇಟ್‌ಲೆಟ್ ಕೌಂಟ್ 1.3 ಲಕ್ಷ. ಕಡಿಮೆಯೆಂದರೂ 1.5 ಲಕ್ಷ ಬೇಕು. ಎರಡನೆಯವರು ಹಿಂದಿನ ದಿನ ತಲೆನೋವಿಗೆ ಆಸ್ಪಿರಿನ್ ನುಂಗಿದ್ದರು. ಆ ಮಾತ್ರೆ ತಾಗಿದ ಪ್ಲೇಟ್‌ಲೆಟ್ ತಾನು ಬದುಕಿರುವಷ್ಟು ದಿನವೂ ಸರಿಯಾಗಿ ಅಂಟಿಕೊಳ್ಳುವುದಿಲ್ಲ, ರಕ್ತಸ್ರಾವ ನಿಲ್ಲಿಸಬೇಕಾದ ಚೀಲಕ್ಕೆ ಅದು ಆಗದು. ಮಾತ್ರೆಯ ವಿಷಯವನ್ನು ಕೆದಕಿ ಕೇಳಿ ಹೊರತೆಗೆದವರೂ ನಾಲ್ವರನ್ನು ಕರೆತಂದ ಇವರೇ. ಮೂರನೆಯವರು ಯಂತ್ರಕ್ಕೆ ಕೂತ ಇಪ್ಪತ್ತು ನಿಮಿಷಕ್ಕೆ ಸೂಜಿ ರಕ್ತನಾಳದ ಗೋಡೆ ದಾಟಿತು. ಮರಳಿ ಹೋಗಬೇಕಿದ್ದ ರಕ್ತ ಚರ್ಮದಡಿ ಸೇರಿ ತೋಳು ಊದಿತು. ನಿಲ್ಲಿಸಿ, ಒತ್ತಿ ಹಿಡಿದು, ಐಸ್ ಇಟ್ಟದ್ದಾಯಿತು. ಅಷ್ಟರಲ್ಲಿ ವಾರ್ಡಿನಿಂದ ಮತ್ತೆ ಫೋನು.

ಆ ಹೊತ್ತನ್ನು ಬರೆಯಲು ಈಗಲೂ ಕೈ ಏಳುವುದಿಲ್ಲ. ಹುಡುಗಿ ಉಳಿಯುವುದಿಲ್ಲ ಎಂದೇ ಅಂದುಕೊಂಡೆವು. ಅವಳ ತಾಯಿಯ ಎದುರು ಹೋಗಲು ನಮ್ಮಲ್ಲಿ ಯಾರಿಗೂ ಧೈರ್ಯವಾಗಲಿಲ್ಲ. ಅವರು ಹೋಗಿ ಪಕ್ಕದಲ್ಲಿ ಕೂತು, "ಇನ್ನೊಬ್ಬರಿದ್ದಾರೆ, ಅಮ್ಮಾ" ಎಂದಷ್ಟೇ ಹೇಳಿ ಎದ್ದು ಬಂದರು.

ನಾಲ್ಕನೆಯವರಿಗೆ ಎಣ್ಣೆಯಿಲ್ಲದ ಹಗುರ ಊಟ ಮಾಡಿಸಿ, ಚೆನ್ನಾಗಿ ನೀರು ಕುಡಿಸಿ ಕೂರಿಸಿದ್ದರು. ಜಿಡ್ಡಿನೂಟ ಉಂಡು ಬಂದರೆ ಪ್ಲಾಸ್ಮಾ ಹಾಲಿನಂತಾಗಿ ಚೀಲವೇ ತಿರಸ್ಕೃತವಾಗಬಹುದು. ಅರ್ಧ ದಾರಿಯಲ್ಲಿ ದಾನಿ ತುಟಿ ಸವರಿಕೊಳ್ಳುವುದನ್ನು ಕಂಡು ಟೆಕ್ನಿಷಿಯನ್‌ಗೆ ಹೇಳಿದರು. ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ಬೆರೆಸುವ ಸಿಟ್ರೇಟ್, ಮರಳುವ ರಕ್ತದ ಜೊತೆ ಮೈಗೆ ಹೋಗಿ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ, ಅದಕ್ಕೇ ಆ ಜುಮುಜುಮು. ವೇಗ ತಗ್ಗಿಸಿ, ಕ್ಯಾಲ್ಸಿಯಂ ಮಾತ್ರೆ ಅಗಿಸಿ, ಕಂಬಳಿ ಹೊದಿಸಿದರು. 1917ರಲ್ಲಿ ಸೇನಾ ವೈದ್ಯ ಓಸ್ವಾಲ್ಡ್ ರಾಬರ್ಟ್‌ಸನ್ ರಣರಂಗದ ಹತ್ತಿರ ರಕ್ತವನ್ನು ಬಾಟಲಿಗಳಲ್ಲಿ ಕೂಡಿಟ್ಟದ್ದೂ ಇದೇ ಸಿಟ್ರೇಟ್ ಬೆರೆಸಿ. ಸೈನಿಕರಿಗೆ ಅದರ ನಂಟು ಹಳೆಯದು.

ಒಂದೂವರೆ ಗಂಟೆಯಲ್ಲಿ ಚೀಲ ತುಂಬಿತು. ಮಾಮೂಲಿ ರಕ್ತದಾನದಿಂದ ಬೇರ್ಪಡಿಸಿದ ಸುಮಾರು ಆರು ಚೀಲ ಪ್ಲೇಟ್‌ಲೆಟ್‌ಗೆ ಸಮ. ಅದು ವಾರ್ಡಿಗೆ ಹೋಗುವವರೆಗೂ ಅವರು ಕೂರಲಿಲ್ಲ. ಆಮೇಲೆ ಮೂರನೆಯವರ ತೋಳಿನ ಊತ ನೋಡಲು ಹೋದರು.

ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಸರ್, ನಿಮಗೆ ನಾವು ಋಣಿಗಳು. ಈಗ ನಮ್ಮ ಪಟ್ಟಿಯಲ್ಲಿ ಒಂದು ಚೀಲದ ಎದುರು ನಾಲ್ಕು ಹೆಸರು ಬರೆಯುತ್ತಿದ್ದೇವೆ, ಮಾತ್ರೆಯ ಪ್ರಶ್ನೆಯನ್ನು ಫೋನಿನಲ್ಲೇ ಕೇಳುತ್ತಿದ್ದೇವೆ.

ಆಸ್ಪಿರಿನ್ ನುಂಗಿದ್ದ ಎರಡನೆಯವರು, ಹೊಸ ಪ್ಲೇಟ್‌ಲೆಟ್ ಹುಟ್ಟಲು ಬೇಕಾದ ಮೂರು ದಿನ ಬಿಟ್ಟು ತಾವಾಗಿಯೇ ಬಂದು ಕೂತರು. ಆ ಚೀಲವೂ ಅವಳಿಗೇ ಹೋಯಿತು.