ಬೀದಿಯಲ್ಲಿ ನಗಿಸುವುದು ಭಿಕ್ಷೆಯಲ್ಲ, ಕಸುಬು

ಮಾನ್ಯ ಸಂಪಾದಕರೇ,

ಪಿಯುಸಿ ಫಲಿತಾಂಶ ಬಂದೊಡನೆ ಪತ್ರಿಕೆಗಳಲ್ಲಿ ‘ಮುಂದೇನು?’ ಎಂಬ ಮಾರ್ಗದರ್ಶಿ ಪುಟಗಳು ಕಾಣಿಸಿಕೊಳ್ಳುತ್ತವೆ. ಈಚೆಗೆ ಅವುಗಳಲ್ಲಿ ಭಿನ್ನ ಹಾದಿಯ ವೃತ್ತಿಗಳಿಗೂ ಒಂದಿಷ್ಟು ಜಾಗ ಸಿಗುತ್ತಿದೆ. ಆದರೆ ಬೀದಿಯಲ್ಲಿ ವೇಷ ಕಟ್ಟಿ, ಜನರನ್ನು ನಗಿಸಿ ಸಂಸಾರ ಸಾಗಿಸುವವನ ಹೆಸರನ್ನು ನಾನು ಅಲ್ಲಿ ಕಂಡಿಲ್ಲ. ಹದಿನೇಳು ವರ್ಷಗಳಿಂದ ಇದನ್ನೇ ಮಾಡಿಕೊಂಡು ಬಂದಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಪಾಠಶಾಲೆ ಬನಶಂಕರಿ ಜಾತ್ರೆ. ಬನದ ಹುಣ್ಣಿಮೆಯ ಹೊತ್ತಿಗೆ ಅಲ್ಲಿ ಬಿಡಾರ ಹೂಡುವ ವೃತ್ತಿ ನಾಟಕ ಕಂಪನಿಯೊಂದಕ್ಕೆ ನಾನು ಸೇರಿದ್ದು ಪರದೆ ಎಳೆಯುವ ಹುಡುಗನಾಗಿ. ಹಿಂದೆ ಅರಮನೆಯ ಸೀನು ಸಿದ್ಧವಾಗುವವರೆಗೆ ಮುಂದಿನ ಪರದೆಯ ಎದುರು ಹಾಸ್ಯದವನು ಜನರನ್ನು ಹಿಡಿದಿಡಬೇಕಿತ್ತು. ಸೀನು ಬೇಗ ಸಿದ್ಧವಾದರೆ ಎರಡು ಮಾತಿನಲ್ಲಿ ಮುಗಿಸಬೇಕು, ಹಗ್ಗ ಸಿಕ್ಕಿಹಾಕಿಕೊಂಡರೆ ಕಾಲು ಗಂಟೆ ಎಳೆಯಬೇಕು. ಈ ಅಳತೆಯನ್ನು ಯಾವ ತರಗತಿಯಲ್ಲಿಯೂ ಕಲಿಸಲಾರರು. ಹಾಸ್ಯಪಾತ್ರ ಎಂದರೆ ಎರಡನೆಯ ದರ್ಜೆಯದು ಎನ್ನುವವರು, ನಾಡಿನ ಹೆಸರಾಂತ ಗುಬ್ಬಿ ನಾಟಕ ಕಂಪನಿಯನ್ನು ಬೆಳೆಸಿದ ವೀರಣ್ಣನವರು ಸ್ವತಃ ಹಾಸ್ಯನಟರಾಗಿದ್ದರು ಎಂಬುದನ್ನೂ, 1954ರಲ್ಲಿ ಸಿನಿಮಾಕ್ಕೆ ಬಂದ ನರಸಿಂಹರಾಜು ಅವರ ಹಿಂದೆ ಬಾಲ್ಯದಿಂದಲೂ ಕಂಪನಿಗಳಲ್ಲಿ ದುಡಿದ ವರ್ಷಗಳಿದ್ದವು ಎಂಬುದನ್ನೂ ನೆನೆಯಬಹುದು.

ಬೀದಿಯ ಲೆಕ್ಕವೇ ಬೇರೆ. ಅಲ್ಲಿ ಟಿಕೆಟ್ ಇಲ್ಲ, ಬಾಗಿಲಿಲ್ಲ, ಬೇಸರವಾದವನು ನಡುವೆಯೇ ಹೊರಟುಬಿಡುತ್ತಾನೆ. ನನ್ನ ಆಟದ ಕೊನೆಗೆ ಹೆಂಡತಿಗೆ ಹೆದರಿದ ಕುಡುಕನೊಬ್ಬ ತಲೆಯ ಮೇಲೆ ತುಂಬಿದ ಕೊಡ ಹೊತ್ತು ಏಣಿ ಹತ್ತುತ್ತಾನೆ. ಅವನು ಮೇಲೇರಿ ಇಳಿದ ಮೇಲೆ ಟವೆಲ್ ಚಾಚಿದರೆ ಬರುವುದು ಚಿಲ್ಲರೆ ಮಾತ್ರ, ಏಕೆಂದರೆ ಜನರ ಕಾಲು ಆಗಲೇ ಬಸ್ಸಿನ ಕಡೆ ತಿರುಗಿರುತ್ತದೆ. ಆದ್ದರಿಂದ ನಾಲ್ಕನೆಯ ಮೆಟ್ಟಿಲಲ್ಲಿ, ನೀರು ತುಳುಕುತ್ತಿರುವಾಗಲೇ, ನಿಂತು ಕೇಳಬೇಕು. ಈಗ ಟವೆಲ್ ಜೊತೆಗೆ ಕ್ಯೂಆರ್ ಕೋಡ್ ಕೂಡ ಕೊರಳಲ್ಲಿದೆ. ‘ಹತ್ತು ರೂಪಾಯಿ ಸ್ವೀಕರಿಸಲಾಗಿದೆ’ ಎಂದು ಸೌಂಡ್ ಬಾಕ್ಸ್ ಕೂಗಿದಾಗ ನಾನು ‘ಇಷ್ಟೇನಾ?’ ಎಂಬಂತೆ ಅದರ ಕಡೆ ನೋಡುತ್ತೇನೆ. ಎಷ್ಟೋ ದಿನ ಅತಿ ದೊಡ್ಡ ನಗು ಬರುವುದು ಅಲ್ಲಿಯೇ. ಇದರ ನಡುವೆ ಧಾರಾವಾಹಿಗಳ ಸಣ್ಣ ಪಾತ್ರಗಳೂ ಸರ್ಕಾರಿ ಜಾಗೃತಿ ಬೀದಿನಾಟಕಗಳೂ ಸೇರಿ ವರ್ಷ ಕಳೆಯುತ್ತದೆ. ಜಾಗೃತಿ ನಾಟಕದ ಹಣ ಕೈಸೇರುವುದು ಯಾವಾಗ ಎಂಬ ಪ್ರಶ್ನೆಯನ್ನು ಇನ್ನೊಂದು ಪತ್ರಕ್ಕೆ ಬಿಡುತ್ತೇನೆ.

ಕಳೆದ ದೀಪಾವಳಿಯ ಮರುದಿನ ನಗರವೊಂದರ ಮಾರುಕಟ್ಟೆಯ ಬಳಿ ನನ್ನನ್ನು ಏಣಿಯಿಂದ ಇಳಿಸಿ, ‘ಭಿಕ್ಷೆ ಬೇಡುವುದು ಅಪರಾಧ, ಗೊತ್ತಿಲ್ಲವೇ?’ ಎಂದು ಕೇಳಲಾಯಿತು. ಹಿಂದಿನ ದಿನವಷ್ಟೇ ಅದೇ ನಗರದಲ್ಲಿ ಸ್ವಚ್ಛತೆಯ ಬಗ್ಗೆ ನಾಟಕವಾಡಿ, ಶಾಲು ಹೊದಿಸಿಕೊಂಡು ಬಂದಿದ್ದೆ. ಈ ಗೊಂದಲ ಹೊಸದೇನೂ ಅಲ್ಲ. 1959ರ ಬಾಂಬೆ ಭಿಕ್ಷಾಟನೆ ತಡೆ ಕಾಯ್ದೆಯು ಹಾಡುವುದು, ಕುಣಿಯುವುದು, ಪ್ರದರ್ಶನ ನೀಡುವುದನ್ನೂ ಭಿಕ್ಷೆ ಕೇಳುವ ನೆಪಗಳ ಸಾಲಿನಲ್ಲಿಯೇ ಸೇರಿಸಿತ್ತು. ದೆಹಲಿಗೆ ಅನ್ವಯವಾಗಿದ್ದ ಈ ಕಾಯ್ದೆಯ ಮುಖ್ಯ ಭಾಗಗಳನ್ನು 2018ರಲ್ಲಿ ದೆಹಲಿ ಹೈಕೋರ್ಟ್ ರದ್ದುಪಡಿಸಿತು. ನಮ್ಮಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಿದೆ. ಆಸ್ತಿ ತೆರಿಗೆಯೊಂದಿಗೆ ಅದಕ್ಕಾಗಿ ಉಪಕರವನ್ನೂ ವಸೂಲು ಮಾಡಲಾಗುತ್ತದೆ. ಬೀದಿ ಕಲಾವಿದನು ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಒಂದು ಸ್ಪಷ್ಟ ಸುತ್ತೋಲೆ ಹೊರಟರೆ ಸಾಕು, ಅರ್ಧ ತೊಂದರೆ ತೀರುತ್ತದೆ.

ಉಳಿದರ್ಧಕ್ಕೆ ಹೊಸ ಕಾನೂನೇ ಬೇಕೆಂದಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯು ಸರಕು ಮಾರುವವರನ್ನು ಮಾತ್ರವಲ್ಲದೆ ಬೀದಿಯಲ್ಲಿ ಸಾರ್ವಜನಿಕರಿಗೆ ಸೇವೆ ಒದಗಿಸುವವರನ್ನೂ ‘ಬೀದಿ ವ್ಯಾಪಾರಿ’ ಎಂದೇ ಕರೆಯುತ್ತದೆ. ಚಪ್ಪಲಿ ಹೊಲಿಯುವುದು ಸೇವೆಯಾದರೆ ನಗಿಸುವುದೂ ಸೇವೆಯೇ. ಆ ಕಾಯ್ದೆಯಡಿ ಬೀದಿ ವ್ಯಾಪಾರಿಗಳನ್ನು ಗುರುತಿಸುವ ಪಟ್ಟಣ ಮಾರಾಟ ಸಮಿತಿಗಳು ಮುಂದಿನ ಸಮೀಕ್ಷೆಯಲ್ಲಿ ನಮ್ಮನ್ನೂ ಎಣಿಸಿ ಗುರುತಿನ ಚೀಟಿ ಕೊಡಲಿ; ಸಮಯ, ಸ್ಥಳ, ಧ್ವನಿವರ್ಧಕದ ಮಿತಿಗಳನ್ನು ಅವರೇ ನಿಗದಿಪಡಿಸಲಿ. ಮೈಸೂರಿನ ರಂಗಾಯಣವು ತನ್ನ ನಾಟಕೋತ್ಸವಕ್ಕೆ ‘ಬಹುರೂಪಿ’ ಎಂದು, ಬಗೆಬಗೆಯ ವೇಷ ಕಟ್ಟಿ ಬದುಕುವ ನಮ್ಮವರ ಹೆಸರನ್ನೇ ಇಟ್ಟಿದೆ. ಹೆಸರಿಗೆ ಸಿಕ್ಕ ಗೌರವದಲ್ಲಿ ಸ್ವಲ್ಪ ಭಾಗ ಮನುಷ್ಯನಿಗೂ ಸಿಗಬಾರದೇ?

ನಾವು ಕೇಳುತ್ತಿರುವುದು ಸಂಜೆಯ ಹೊತ್ತು ನಲವತ್ತು ನಿಮಿಷ, ಏಣಿ ನಿಲ್ಲಿಸಿ ಸುತ್ತ ಜನ ನಿಂತರೂ ದಾರಿಗೆ ಅಡ್ಡವಾಗದಂತಹ ಒಂದು ಮೂಲೆ. ಕೊಡಕ್ಕೆ ನೀರು ನಾವೇ ತರುತ್ತೇವೆ.

ಇತಿ,
ಒಬ್ಬ ಬೀದಿ ಹಾಸ್ಯ ಕಲಾವಿದ,
ಬಾದಾಮಿ ತಾಲ್ಲೂಕು