ಹೆಡ್ ಮಾಸ್ಟರ್ ಆದ ಗೆಳೆಯನಿಗೆ, ಪಿ.ಟಿ. ಪೀರಿಯಡ್ ಬಗ್ಗೆ

ಪ್ರೀತಿಯ ಗೆಳೆಯಾ,

ನೀನು ಹೆಡ್ ಮಾಸ್ಟರ್ ಆದ ಸುದ್ದಿ ಕೇಳಿ ತುಂಬಾ ಖುಷಿಯಾಯಿತು. ಶಾಲೆ ಶುರುವಾಗುವ ಹೊತ್ತು, ಟೈಮ್ ಟೇಬಲ್ ಹಾಕುವ ಗಡಿಬಿಡಿಯಲ್ಲಿ ಇರುತ್ತೀಯ. ಅದು ಮುಗಿಯುವ ಮೊದಲೇ ಒಂದು ಮಾತು ಕೇಳಿಕೊಳ್ಳೋಣ ಅಂತ ಬರೆಯುತ್ತಿದ್ದೇನೆ. ಹತ್ತನೇ ಕ್ಲಾಸಿನ ಪಿ.ಟಿ. ಪೀರಿಯಡ್ ಯಾರಿಗೂ ಬಿಟ್ಟುಕೊಡಬೇಡ.

ಅದು ಹೇಗೆ ಹೋಗುತ್ತದೆ ಅಂತ ನಿನಗೂ ಗೊತ್ತು. ಜೂನ್‌ನಲ್ಲಿ ಟೈಮ್ ಟೇಬಲ್‌ನಲ್ಲಿ ಇರುತ್ತದೆ. ದಸರಾ ರಜೆ ಮುಗಿದ ಮೇಲೆ ಗಣಿತದವರು ಬಂದು "ಪೋರ್ಷನ್ ಮುಗಿದಿಲ್ಲ, ಈ ವಾರ ಮಾತ್ರ ಕೊಡಿ" ಅನ್ನುತ್ತಾರೆ. ಆಮೇಲೆ ವಿಜ್ಞಾನದವರು ಕೇಳುತ್ತಾರೆ. ಪ್ರಿಪರೇಟರಿ ಪರೀಕ್ಷೆ ಹತ್ತಿರ ಬರುವಷ್ಟರಲ್ಲಿ ಮೈದಾನಕ್ಕೆ ಹೋಗುವುದೇ ನಿಂತಿರುತ್ತದೆ. ಯಾರದೂ ಕೆಟ್ಟ ಉದ್ದೇಶವಲ್ಲ. ಎಸ್ಸೆಸ್ಸೆಲ್ಸಿಯ ಅಂಕಗಳಲ್ಲಿ ಪಿ.ಟಿ.ಗೆ ಜಾಗವಿಲ್ಲ, ಹಾಗಾಗಿ ಕೇಳುವುದೂ ಸುಲಭ, ಕೊಡುವುದೂ ಸುಲಭ. ಆದರೆ ಆ ಮಕ್ಕಳಿಗೆ ಹದಿನೈದು ವರ್ಷ. ಮೈ ಬೆಳೆಯುವ ಕಾಲ. 5ರಿಂದ 17 ವರ್ಷದವರೆಗಿನ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಚೆನ್ನಾಗಿ ಮೈ ದಣಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಮಕ್ಕಳು ಬೆಳಿಗ್ಗೆ ಸ್ಪೆಷಲ್ ಕ್ಲಾಸಿನಲ್ಲಿ ಕೂರುತ್ತಾರೆ, ಇಡೀ ದಿನ ಕ್ಲಾಸಿನಲ್ಲಿ ಕೂರುತ್ತಾರೆ, ಸಂಜೆ ಟ್ಯೂಷನ್ನಿನಲ್ಲಿ ಕೂರುತ್ತಾರೆ. ಇರುವ ನಲವತ್ತು ನಿಮಿಷವನ್ನೂ ಕಿತ್ತುಕೊಂಡರೆ ಅವರು ಓಡುವುದು ಯಾವಾಗ?

ಇನ್ನೊಂದು ರೀತಿಯಲ್ಲೂ ಈ ಪೀರಿಯಡ್ ಕೈತಪ್ಪುತ್ತದೆ. ಹೋಬಳಿ ಮಟ್ಟದ ಕ್ರೀಡಾಕೂಟದ ಸುತ್ತೋಲೆ ಬಂದ ದಿನದಿಂದ ಮೈದಾನ ಪೂರ್ತಿ ಟೀಮಿನವರದ್ದು. ಕಬಡ್ಡಿಗೂ ಅದೇ ಹುಡುಗರು, ಖೋಖೋಗೂ ಅವರೇ, ರಿಲೇಗೂ ಅವರೇ. ಉಳಿದವರು ಮರದ ಕೆಳಗೆ ಕೂತು ಚಪ್ಪಾಳೆ ಹೊಡೆಯಬೇಕು. ಹೋಬಳಿಯಲ್ಲಿ ಗೆದ್ದು ತಾಲೂಕು, ಜಿಲ್ಲೆ ಅಂತ ಮೇಲೆ ಹೋಗಲಿ, ನನಗೂ ಅದೇ ಆಸೆ. ಆದರೆ ಅದರ ಅಭ್ಯಾಸ ಶಾಲೆ ಬಿಟ್ಟ ಮೇಲೆ ಆಗಲಿ. ಪೀರಿಯಡ್ ಮಾತ್ರ ಇಡೀ ಕ್ಲಾಸಿನದ್ದು. ದಪ್ಪಗಿರುವವನು, ನಿಧಾನ ಓಡುವವಳು, ಚೆಂಡು ಹಿಡಿಯಲು ಹೆದರುವವನು, ಇವರಿಗೇ ಅದು ಜಾಸ್ತಿ ಬೇಕು.

ಹುಡುಗಿಯರ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಏಳನೇ ಕ್ಲಾಸಿನವರೆಗೆ ಹುಡುಗರ ಸಮ ಓಡುತ್ತಿದ್ದವರು ಹೈಸ್ಕೂಲಿಗೆ ಬಂದ ಮೇಲೆ ಒಬ್ಬೊಬ್ಬರಾಗಿ ಕೂರಲು ಶುರು ಮಾಡುತ್ತಾರೆ. "ಸರ್, ಹೊಟ್ಟೆನೋವು" ಅನ್ನುತ್ತಾರೆ. ಕೆಲವು ಸಲ ಅದು ನಿಜ, ಆಗ ಒತ್ತಾಯ ಮಾಡಬಾರದು. ಆದರೆ ಜಾಸ್ತಿ ಸಲ ಕಾರಣ ಬೇರೆ. ದುಪಟ್ಟಾ ಹೊದ್ದು ಓಡಲು ಆಗುವುದಿಲ್ಲ. ಕಾಂಪೌಂಡ್ ಮೇಲೆ ಕೂತು ನೋಡುವವರು ಇರುತ್ತಾರೆ. ಶೌಚಾಲಯದಲ್ಲಿ ನೀರಿಲ್ಲ. ಸಂಜೆ ಅಭ್ಯಾಸಕ್ಕೆ ನಿಂತರೆ ಬಸ್ ತಪ್ಪುತ್ತದೆ, ಮನೆಯಲ್ಲಿ ಬೈಗುಳ. ಇವೆಲ್ಲಾ ಹೆಡ್ ಮಾಸ್ಟರ್ ಮನಸ್ಸು ಮಾಡಿದರೆ ಸರಿಹೋಗುವ ವಿಷಯಗಳು. ಪಿ.ಟಿ. ಇರುವ ದಿನ ಬೆಳಿಗ್ಗೆಯಿಂದಲೇ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಬರಲಿ ಎಂದು ಹೇಳಿಬಿಡು. ಬಟ್ಟೆ ಬದಲಿಸಲು ಜಾಗ ಹುಡುಕುವ ಕಷ್ಟವೇ ಇರುವುದಿಲ್ಲ. ಒಬ್ಬ ಟೀಚರ್ ಮೈದಾನದಲ್ಲಿ ಜೊತೆಗೆ ನಿಂತರೆ ಅರ್ಧ ಸಂಕೋಚ ಅಲ್ಲೇ ಹೋಗುತ್ತದೆ.

ಆಮೇಲೆ ಅವರಿಗೆ ಖೋಖೋ ಆಡಿಸು. ಎರಡು ಕಂಬ, ಒಂದಿಷ್ಟು ಸುಣ್ಣದ ಪುಡಿ, 27 ಮೀಟರ್ ಉದ್ದ, 16 ಮೀಟರ್ ಅಗಲದ ಜಾಗ ಇದ್ದರೆ ಸಾಕು. ಎಂಟು ಜನ ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖ ಮಾಡಿ ಕೂರುತ್ತಾರೆ. ಅಟ್ಟಿಸಿಕೊಂಡು ಹೋಗುವವಳು ಒಮ್ಮೆ ಹಿಡಿದ ದಿಕ್ಕನ್ನು ಕಂಬ ಮುಟ್ಟುವವರೆಗೆ ಬದಲಿಸುವಂತಿಲ್ಲ, ಮಧ್ಯದ ಪಟ್ಟಿ ದಾಟುವಂತಿಲ್ಲ. ಹಾಗಾಗಿ ಬರೀ ಕಾಲಿನ ವೇಗದಿಂದ ಏನೂ ಆಗುವುದಿಲ್ಲ. ಓಡುವವಳು ಯಾವ ಕಡೆ ತಿರುಗುತ್ತಾಳೆ ಎಂದು ನೋಡಿ, ಕೂತವಳ ಬೆನ್ನು ಮುಟ್ಟಿ, ಗಟ್ಟಿಯಾಗಿ "ಖೋ" ಅನ್ನಬೇಕು. ಓಟದಲ್ಲಿ ಯಾವಾಗಲೂ ಕೊನೆಗೆ ಬರುತ್ತಿದ್ದ ಒಬ್ಬ ಹುಡುಗಿ ನಮ್ಮ ಶಾಲೆಯಲ್ಲಿ ಇದ್ದಳು. ಖೋ ಕೊಡುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಸುಮ್ನೆ ಕೊಡುತ್ತಿರಲಿಲ್ಲ, ಓಡುವವಳು ಕಾಲು ತಿರುಗಿಸುವವರೆಗೆ ಕಾದು ಕೊಡುತ್ತಿದ್ದಳು. ಕ್ಲಾಸಿನಲ್ಲಿ ಬಾಯಿ ಬಿಡದ ಮಗು ಅದು. ಮೈದಾನದಲ್ಲಿ ಅವಳ ದನಿ ಸ್ಟಾಫ್ ರೂಮಿಗೂ ಕೇಳುತ್ತಿತ್ತು.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೆಯಿತಲ್ಲ, ಫೈನಲ್‌ನಲ್ಲಿ ನಮ್ಮ ಹೆಣ್ಣುಮಕ್ಕಳು ನೇಪಾಳವನ್ನು 78-40ರಿಂದ ಸೋಲಿಸಿದರು. ಆ ತಂಡದಲ್ಲಿದ್ದ ಚೈತ್ರಾ ಮೈಸೂರು ಜಿಲ್ಲೆಯ ಟಿ. ನರಸೀಪುರ ತಾಲೂಕಿನ ಕುರುಬೂರಿನವರು. ನಿನ್ನ ಹುಡುಗಿಯರಿಗೆ ಇದನ್ನು ಪ್ರಾರ್ಥನೆಯ ಹೊತ್ತಿನಲ್ಲೇ ಹೇಳು.

ಗಣಿತದವರು ಮತ್ತೆ ಪೀರಿಯಡ್ ಕೇಳಿಕೊಂಡು ಬಂದರೆ, ಕೊಡುವ ಬದಲು ಅವರನ್ನೇ ಮೈದಾನಕ್ಕೆ ಕರೆ. ಟ್ರ್ಯಾಕ್ ಹಾಕುವ ದಿನ ಕರೆ. 200 ಮೀಟರ್ ಟ್ರ್ಯಾಕಿನಲ್ಲಿ ಒಂದು ಸುತ್ತಿನ ಓಟ. ಹೊರಗಿನ ಲೇನಿನವರು ಜಾಸ್ತಿ ಓಡಬೇಕಾಗುತ್ತದೆ, ಹಾಗಾಗಿ ಮುಂದೆ ನಿಲ್ಲಿಸುತ್ತೇವೆ. ಎಷ್ಟು ಮುಂದೆ? ಲೇನಿನ ಅಗಲ 1.22 ಮೀಟರ್. ಅದನ್ನು ಎರಡರಿಂದ, ಆಮೇಲೆ ಪೈನಿಂದ ಗುಣಿಸಿದರೆ 7.67 ಮೀಟರ್. ಸುಣ್ಣದ ಗೆರೆಯ ಟ್ರ್ಯಾಕಿನಲ್ಲಿ ಪ್ರತಿ ಲೇನಿಗೂ ಇಷ್ಟಿಷ್ಟೇ ಮುಂದೆ. 400 ಮೀಟರ್ ಟ್ರ್ಯಾಕ್ ಆದರೂ ಒಂದು ಸುತ್ತಿಗೆ ಇದೇ ಲೆಕ್ಕ, ಯಾಕೆಂದರೆ ತಿರುವಿನ ತ್ರಿಜ್ಯ ಲೆಕ್ಕದಲ್ಲಿ ಬಿದ್ದುಹೋಗುತ್ತದೆ. ಟೇಪಿನ ಒಂದು ತುದಿ ಮಕ್ಕಳ ಕೈಗೆ ಕೊಟ್ಟು ಅಳೆಸಿ ನೋಡು. ವೃತ್ತದ ಪಾಠ ಆಮೇಲೆ ಅವರಿಗೆ ಮರೆಯುವುದಿಲ್ಲ.

ದುಡ್ಡಿನ ವಿಷಯ. ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಹೈಸ್ಕೂಲಿಗೆ ಕ್ರೀಡೆಗೆಂದೇ ವರ್ಷಕ್ಕೆ 25,000 ರೂಪಾಯಿವರೆಗೆ ಅನುದಾನವಿದೆ. ಅದನ್ನು ಒಂದು ಕ್ರಿಕೆಟ್ ಕಿಟ್‌ಗೆ ಸುರಿಯಬೇಡ, ಹನ್ನೊಂದು ಹುಡುಗರಿಗೆ ಮುಗಿದುಹೋಗುತ್ತದೆ. ಸ್ಕಿಪ್ಪಿಂಗ್ ಹಗ್ಗ, ಥ್ರೋಬಾಲ್, ರಿಂಗ್, ಉದ್ದದ ಟೇಪು, ಲಾಂಗ್ ಜಂಪ್ ಗುಂಡಿಗೆ ಮರಳು, ಒಂದು ಒಳ್ಳೆಯ ಫಸ್ಟ್ ಏಡ್ ಪೆಟ್ಟಿಗೆ ತರಿಸು. ಜಿಗಿಸುವ ಮೊದಲು ಮರಳನ್ನು ಅಗೆದು ಕಲ್ಲು, ಗಾಜು ಹೆಕ್ಕಿಸುವುದು ಮರೆಯಬೇಡ. ಬೆಳಿಗ್ಗೆ ತಿಂಡಿ ತಿನ್ನದೆ ಬರುವ ಮಕ್ಕಳು ಯಾರು ಎಂದು ಕ್ಲಾಸ್ ಟೀಚರ್‌ಗೆ ಗೊತ್ತಿರುತ್ತದೆ, ಅವರನ್ನು ಬಿಸಿಲಲ್ಲಿ ಓಡಿಸುವ ಮೊದಲು ಕೇಳು.

ನಿಮ್ಮಲ್ಲಿ ಪಿ.ಟಿ. ಮೇಷ್ಟ್ರು ಇದ್ದಾರಂತೆ, ಅದೇ ದೊಡ್ಡ ಭಾಗ್ಯ. ಅವರನ್ನು ಸ್ಕಾಲರ್‌ಶಿಪ್ ಅರ್ಜಿ ತುಂಬಲು, ಬೇರೆಯವರು ರಜೆ ಹಾಕಿದಾಗ ಕ್ಲಾಸ್ ಕಾಯಲು ಕೂರಿಸಬೇಡ. ಅವರ ಕೈಗೆ ಬೆತ್ತವನ್ನೂ ಕೊಡಬೇಡ. ಎಷ್ಟೋ ಶಾಲೆಗಳಲ್ಲಿ ಪಿ.ಟಿ. ಮೇಷ್ಟ್ರು ಅಂದರೆ ಹೆದರಿಸುವವರು ಎಂದೇ ಆಗಿಬಿಟ್ಟಿದೆ. ತಡವಾಗಿ ಬಂದವರಿಗೆ ಮೈದಾನ ಎರಡು ಸುತ್ತು ಓಡಿಸುವ ಶಿಕ್ಷೆ ನಿಮ್ಮಲ್ಲೂ ಇದ್ದರೆ ಮೊದಲು ಅದನ್ನು ನಿಲ್ಲಿಸು. ಸೋಮವಾರ ಶಿಕ್ಷೆಯಾಗಿ ಓಡಿದ ಮಗು ಬುಧವಾರ ಖುಷಿಯಿಂದ ಓಡಬೇಕು ಅಂದರೆ ಹೇಗೆ ಓಡುತ್ತದೆ, ಹೇಳು?

ನಿಮ್ಮ ಮೈದಾನದ ಉದ್ದ, ಅಗಲ ಅಳೆಸಿ ಕಳಿಸು. ಎಲ್ಲಿ ಖೋಖೋ ಅಂಕಣ, ಎಲ್ಲಿ ಟ್ರ್ಯಾಕ್ ಬರುತ್ತದೆ ಎಂದು ನಕ್ಷೆ ಹಾಕಿಕೊಡುತ್ತೇನೆ. ಮಳೆ ಬಿಡುವು ಕೊಟ್ಟ ಒಂದು ಶನಿವಾರ ನಾನೇ ಬರುತ್ತೇನೆ. ಸುಣ್ಣದ ಎರಡು ಚೀಲ ತರಿಸಿಟ್ಟಿರು, ಟೇಪು ನನ್ನ ಹತ್ತಿರ ಇದೆ.

ನಿನ್ನ ಗೆಳೆಯ