ರಬ್ಬರ್ ಗುರುತಿಲ್ಲದ ಪ್ರಾಂಪ್ಟ್ ಬುಕ್

ಸಂಪಾದಕರೇ,

ಕಳೆದ ವಾರ ನಿಮ್ಮ ಉದ್ಯೋಗ ಪುಟದಲ್ಲಿ ಮೊದಲ ಸಂದರ್ಶನಕ್ಕೆ ಹೋಗುವವರಿಗೆ ಕೊಟ್ಟ ಸಲಹೆಗಳನ್ನು ಓದಿದೆ. ಇಸ್ತ್ರಿ ಬಟ್ಟೆ, ಹತ್ತು ನಿಮಿಷ ಮುಂಚೆ ಹಾಜರಿ, ತಡವರಿಸದ ಮಾತು. ಎಲ್ಲ ಸರಿ, ಆದರೆ ನನ್ನ ಕೆಲಸಕ್ಕೆ ಅಷ್ಟು ಸಾಲುವುದಿಲ್ಲ. ನಾನು ನಾಟಕದ ಸ್ಟೇಜ್ ಮ್ಯಾನೇಜರ್, ಅಂದರೆ ಪ್ರದರ್ಶನದಲ್ಲಿ ಎಲ್ಲ ಸಮಯಕ್ಕೆ ಸರಿಯಾಗಿ ನಡೆಯುವಂತೆ ತೆರೆಯ ಹಿಂದಿನಿಂದ ನೋಡಿಕೊಳ್ಳುವ ಕೆಲಸ. ವಿಮರ್ಶೆಗಳಲ್ಲಿ ನೀವು ನಮ್ಮ ಹೆಸರು ಹಾಕುವುದಿಲ್ಲ, ಅದಕ್ಕೇನೂ ಬೇಜಾರಿಲ್ಲ. ಸರಿ, ಸ್ವಲ್ಪ ಇದೆ. ಈಗೀಗ ಹವ್ಯಾಸಿ ತಂಡಗಳಿಂದ ಎಷ್ಟೋ ಹುಡುಗ ಹುಡುಗಿಯರು ಈ ಕೆಲಸವನ್ನೇ ನೆಚ್ಚಿಕೊಂಡು ಬರುತ್ತಿದ್ದಾರೆ. ಅವರಿಗಾಗಿ ನನ್ನ ಮೊದಲ ಸಂದರ್ಶನದ ಕಥೆ ಬರೆಯುತ್ತಿದ್ದೇನೆ. ಅದರಲ್ಲಿ ನನಗೆ ಕೆಲಸ ಸಿಗಲಿಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ.

ಆ ಸಂದರ್ಶನಕ್ಕೆ ತಯಾರಿ ಅಂತ ಮೂರು ರಾತ್ರಿ ಕೂತು ನನ್ನ ಪ್ರಾಂಪ್ಟ್ ಬುಕ್ಕನ್ನು ಹೊಸದಾಗಿ ಬರೆದೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಅದೊಂದು ದಪ್ಪ ಫೈಲು. ಒಂದು ಪುಟದಲ್ಲಿ ನಾಟಕದ ಮಾತು. ಎದುರಿನ ಪುಟದಲ್ಲಿ ಯಾರು ಎಲ್ಲಿಂದ ಬಂದು ಎಲ್ಲಿ ನಿಲ್ಲಬೇಕು, ಯಾವ ಮಾತಿಗೆ ಬೆಳಕು ಬದಲಾಗಬೇಕು, ಯಾವ ಮಾತಿಗೆ ಗುಡುಗು ಕೇಳಬೇಕು ಅನ್ನುವ ವಿವರ. ಬೆಳಕು, ಸದ್ದಿನ ಇಂಥ ಒಂದೊಂದು ಸೂಚನೆಗೂ 'ಕ್ಯೂ' ಅಂತ ಹೆಸರು, ಅದಕ್ಕೊಂದು ಸಂಖ್ಯೆ. ರಿಹರ್ಸಲ್ ನಡೆದಂತೆಲ್ಲ ಇದು ಬದಲಾಗುತ್ತದೆ, ಹಾಗಾಗಿ ಪೆನ್ಸಿಲ್‌ನಲ್ಲೇ ಬರೆಯುವುದು. ನನ್ನ ಹಳೆಯ ಫೈಲಿನ ಪುಟಗಳು ಅಳಿಸಿ ಅಳಿಸಿ ಸವೆದಿದ್ದವು, ಹರಿದ ತೂತುಗಳಿಗೆ ಟೇಪು ಅಂಟಿಸಿದ್ದೆ. ಇದನ್ನು ಹೇಗೆ ತೋರಿಸುವುದು ಅಂತ ನಾಚಿಕೆಯಾಗಿ ನೀಲಿ ಪೆನ್ನಿನಲ್ಲಿ ದುಂಡಗೆ ನಕಲು ಮಾಡಿದೆ.

ಸಂದರ್ಶನದಲ್ಲಿ ಮೂವರಿದ್ದರು. ನಡುವೆ ಕೂತಿದ್ದ ಹಿರಿಯ ಹೆಂಗಸು ಪುಟ ತಿರುವುತ್ತಾ, 'ಅಕ್ಷರ ಚೆನ್ನಾಗಿದೆ. ರಬ್ಬರ್ ಹಾಕಿದ ಗುರುತೇ ಇಲ್ವಲ್ಲ?' ಅಂದರು. ಆಮೇಲೆ ಫೈಲನ್ನು ನನ್ನ ಕಡೆ ತಿರುಗಿಸಿ, 'ನಾನು ಲೈಟ್ ಆಪರೇಟರ್ ಅಂತಿಟ್ಕೊಳ್ಳಿ. ಈ ಪುಟದ ಕ್ಯೂ ಕೊಡಿ' ಅಂತ ಗುಂಡಿ ಒತ್ತುವ ಪೆನ್ನೊಂದನ್ನು ಕೈಗೆತ್ತಿಕೊಂಡರು.

ನಾನು ಜೋರಾಗಿ 'ಗೋ, ಲೈಟ್ 42' ಅಂದೆ.

'ಗೋ' ಅನ್ನುತ್ತಿದ್ದ ಹಾಗೇ ಪೆನ್ನು ಟಕ್ ಅಂತು. 'ಯಾವ ಲೈಟು ಅಂತ ನೀವು ಹೇಳೋ ಮೊದಲೇ ನಾನು ಒತ್ತಿ ಆಯ್ತು' ಅಂದರು. ನನಗೆ ಆಗ ಹೊಳೆಯಿತು. ನಮ್ಮ ಹವ್ಯಾಸಿ ತಂಡದಲ್ಲಿ ಲೈಟ್ ಬೋರ್ಡಿಗೆ ಕೂರುತ್ತಿದ್ದವನಿಗೆ ಇಡೀ ನಾಟಕ ಬಾಯಿಪಾಠ. ನಾನು ಹೇಗೆ ಕೂಗಿದರೂ ನಡೆಯುತ್ತಿತ್ತು. ವೃತ್ತಿಯಲ್ಲಿ 'ಗೋ' ಅನ್ನುವುದು ಕೊನೆಯ ಪದ. ಮೊದಲು ತಯಾರಾಗಿರಿ ಅಂತ 'ಸ್ಟ್ಯಾಂಡ್ ಬೈ ಲೈಟ್ 42', ಆಪರೇಟರ್ ಉತ್ತರ ಕೊಡಬೇಕು, ಆಮೇಲೆ ಸಮಯಕ್ಕೆ ಸರಿಯಾಗಿ 'ಲೈಟ್ 42, ಗೋ'. ಹೆಡ್‌ಸೆಟ್ಟಿನಲ್ಲಿ ಸುಮ್ನೆ ಮಾತಿಗೂ ಯಾರೂ ಆ ಪದ ಬಳಸುವುದಿಲ್ಲ.

ಮುಂದಿನ ಪುಟ ಇನ್ನೂ ಕೆಟ್ಟದಾಗಿತ್ತು. 43, 44ಕ್ಕೆ ಸ್ಟ್ಯಾಂಡ್ ಬೈ ಬರೆದೇ ಇರಲಿಲ್ಲ. ನಕಲು ಮಾಡುವಾಗ ಬಿಟ್ಟುಹೋಗಿತ್ತು. 'ನಾಳೆ ನಿಮಗೆ ಜ್ವರ ಬಂತು ಅಂತಿಟ್ಕೊಳ್ಳಿ. ಈ ಪುಸ್ತಕ ನೋಡ್ಕೊಂಡು ನಾನು ನಾಟಕ ನಡೆಸಬಹುದಾ?' ಅಂತ ಕೇಳಿದರು. ನಾನು ಏನೂ ಹೇಳಲಿಲ್ಲ.

ಕೊನೆಯ ಪ್ರಶ್ನೆ ಇನ್ನೊಬ್ಬರದು. ಎರಡನೇ ಅಂಕದ ನಡುವೆ ಸೈಡ್ ವಿಂಗಿನಲ್ಲಿ, ಅಂದರೆ ರಂಗದ ಪಕ್ಕದ ಮರೆಯಲ್ಲಿ, ಸುಟ್ಟ ವಾಸನೆ ಬಂದರೆ ಏನು ಮಾಡುತ್ತೀರಿ? 'ನಿರ್ದೇಶಕರನ್ನು ಕೇಳುತ್ತೇನೆ' ಅಂದೆ. ಪ್ರದರ್ಶನ ಶುರುವಾದ ಮೇಲೆ ನಿರ್ದೇಶಕರು ಊರಲ್ಲೇ ಇರುತ್ತಾರೆ ಅಂತ ಏನು ಗ್ಯಾರಂಟಿ? ಆಗ ನಾಟಕ ನಿಲ್ಲಿಸುವ ಮಾತು ಸ್ಟೇಜ್ ಮ್ಯಾನೇಜರ್ ಬಾಯಿಂದಲೇ ಬರಬೇಕು. ಮನೆಗೆ ಬಂದು ಶಿಕಾಗೊದ ಇರೊಕ್ವಾ ಥಿಯೇಟರಿನ ಬಗ್ಗೆ ಓದಿದೆ. 1903ರ ಡಿಸೆಂಬರ್ 30ರಂದು ಆಟದ ನಡುವೆ ಒಂದು ದೀಪದಿಂದ ಪರದೆಗೆ ಬೆಂಕಿ ಹತ್ತಿತು. ಬೆಂಕಿ ತಡೆಯಬೇಕಿದ್ದ ಪರದೆ ಇಳಿಯುತ್ತಾ ಅರ್ಧಕ್ಕೇ ಸಿಕ್ಕಿಕೊಂಡಿತು. 600ಕ್ಕೂ ಜಾಸ್ತಿ ಜನ ಸತ್ತರು. ಅಂದಿನಿಂದ ಯಾವ ರಂಗಮಂದಿರಕ್ಕೆ ಹೋದರೂ ನಾನು ಮೊದಲು ನೋಡುವುದು ಬಾಗಿಲುಗಳನ್ನು. ತೆರೆಯುತ್ತವೆಯೇ ಅಂತ ಕೈಯಿಂದ ತಳ್ಳಿಯೇ ನೋಡುತ್ತೇನೆ.

ಐದು ತಿಂಗಳಾದ ಮೇಲೆ ಇನ್ನೊಂದು ತಂಡ ಕರೆಯಿತು. ಈ ಸಲ ಹಳೆಯ ಫೈಲನ್ನೇ ಹಿಡಿದುಕೊಂಡು ಹೋದೆ, ಟೇಪು ಸಮೇತ. ಆ ತಂಡದ ನಾಟಕವೊಂದನ್ನು ಮೊದಲೇ ನೋಡಿ, ಯಾವ ದೃಶ್ಯ ಬದಲಾವಣೆಗೆ ಎಷ್ಟು ಸೆಕೆಂಡು ಹಿಡಿಯಿತು ಅಂತ ಗುರುತು ಹಾಕಿಕೊಂಡಿದ್ದೆ. ಮನೆಯಲ್ಲಿ ಖಾಲಿ ಕುರ್ಚಿಯ ಮುಂದೆ ಕೂತು ಗಟ್ಟಿಯಾಗಿ ಕ್ಯೂ ಕೊಟ್ಟು ಅಭ್ಯಾಸ ಮಾಡಿದ್ದೆ. ನಿಮ್ಮ ತಪ್ಪೊಂದನ್ನು ಹೇಳಿ ಅಂದಾಗ 'ನಾನು ಕೆಲಸ ಜಾಸ್ತಿ ಹಚ್ಕೋತೀನಿ' ಅನ್ನುವ ಜಾಣ ಉತ್ತರ ಕೊಡಲಿಲ್ಲ. ಒಮ್ಮೆ ಪರಿಕರಗಳ ಮೇಜಿನ ಮೇಲೆ ಒಂದು ಪತ್ರ ಇಡುವುದು ಮರೆತುಹೋಗಿ, ನಟ ಬರಿಗೈಯಲ್ಲಿ ರಂಗಕ್ಕೆ ಹೋಗಿ, ಇಲ್ಲದ ಪತ್ರವನ್ನು ಅಂಗೈ ನೋಡಿಕೊಂಡು ಓದಿದ್ದ. ಅದನ್ನೇ ಹೇಳಿದೆ. ಆಮೇಲಿಂದ ಪ್ರೇಕ್ಷಕರನ್ನು ಒಳಬಿಡುವ ಮುಂಚೆ ಒಂದು ಸಲ, ಮಧ್ಯಂತರದಲ್ಲಿ ಇನ್ನೊಂದು ಸಲ ಪಟ್ಟಿ ಹಿಡಿದು ಒಂದೊಂದಕ್ಕೂ ಟಿಕ್ ಹಾಕುತ್ತೇನೆ ಅಂತಲೂ ಹೇಳಿದೆ. ಮೂವರಲ್ಲಿ ಇಬ್ಬರು ನಕ್ಕರು, ಒಬ್ಬರು ಬರೆದುಕೊಂಡರು.

ನಿಮ್ಮ ಪುಟದಲ್ಲಿ 'ಕೊನೆಗೆ ನೀವೂ ಪ್ರಶ್ನೆ ಕೇಳಿ' ಅಂತ ಇತ್ತಲ್ಲ, ಅದು ಮಾತ್ರ ನೂರಕ್ಕೆ ನೂರು ನಿಜ. ರಿಹರ್ಸಲ್ ವರದಿ ದಿನಾ ಯಾರ ಕೈಗೆ ಹೋಗಬೇಕು, ನನ್ನ ಕೈಕೆಳಗೆ ಎಷ್ಟು ಜನ, ಟೆಕ್ನಿಕಲ್ ರಿಹರ್ಸಲ್‌ನ ಹೆಚ್ಚುವರಿ ಗಂಟೆಗಳಿಗೆ ಸಂಬಳ ಉಂಟಾ ಅಂತ ಕೇಳಿದೆ. ಇನ್ನೊಂದೂ ಕೇಳಿದೆ: ನಿಮ್ಮಲ್ಲಿ 'ಹಾಫ್' ಕರೆ, ಅಂದರೆ ಇನ್ನು ಅರ್ಧ ಗಂಟೆ ಇದೆ ಅಂತ ನಟರಿಗೆ ಕೂಗುವುದು, ಯಾವಾಗ? ಬ್ರಿಟನ್ ಪದ್ಧತಿಯಲ್ಲಿ ಅದನ್ನು ಪರದೆ ಏಳುವ 35 ನಿಮಿಷ ಮುಂಚೆ ಕೂಗುತ್ತಾರೆ. ಮೊದಲು ರಂಗಕ್ಕೆ ಬರುವ ನಟರು 5 ನಿಮಿಷ ಮುಂಚೆಯೇ ತಮ್ಮ ಜಾಗದಲ್ಲಿರಬೇಕು, ಅವರ ಅರ್ಧ ಗಂಟೆಯ ಲೆಕ್ಕ ಅಲ್ಲಿಗೆ ಮುಗಿಯುತ್ತದೆ. ಅಮೆರಿಕದಲ್ಲಿ ನೇರವಾಗಿ 30 ನಿಮಿಷ.

ಮೂವರೂ ಮುಖ ಮುಖ ನೋಡಿಕೊಂಡರು. ಒಬ್ಬರು 30 ಅಂದರು, ಇನ್ನೊಬ್ಬರು 35 ಅಂದರು, ಮೂರನೆಯವರು 'ನಟರು ಬಂದಾಗ' ಅಂದರು. ಕೆಲಸಕ್ಕೆ ಸೇರಿದ ಮೊದಲ ವಾರ ನಾನು ಮಾಡಿದ್ದು ಅದನ್ನು ಇತ್ಯರ್ಥ ಮಾಡುವ ಕೆಲಸವನ್ನೇ.

ಇತಿ,
ಒಬ್ಬ ಸ್ಟೇಜ್ ಮ್ಯಾನೇಜರ್